ಸಾಂಕ್ವಾಳದ ಸಂತ ಜೋಸೆಫ್ ವಾಜ್

ಖಾನಾಪುರ ಭಾಗದ ನಮ್ಮ ಧರ್ಮಕೇಂದ್ರದಲ್ಲಿ ದೇವಾಲಯದ ವಾರ್ಷಿಕೋತ್ಸವಕ್ಕೆ ಸಿದ್ಧತೆ ನಡೆದಿದೆ. ಸುಣ್ಣಬಣ್ಣ, ಚಪ್ಪರ, ಭೋಜನ, ಸ್ಮರಣ ಸಂಚಿಕೆ ಇವೆಲ್ಲ ಒಂದೇ ಸಭೆಯಲ್ಲಿ ತೀರ್ಮಾನವಾದವು. ಆದರೆ ಉತ್ಸವದ ದಿನದ ಬಲಿಪೂಜೆ ಯಾವ ಭಾಷೆಯಲ್ಲಿ ನಡೆಯಬೇಕು ಎಂಬ ಪ್ರಶ್ನೆ ಎದ್ದಾಗ ಮಾತು ಕಾವೇರಿತು. ಕೊಂಕಣಿಯವರು ಕೊಂಕಣಿ ಎಂದರು, ಮರಾಠಿಯವರು ಮರಾಠಿ ಎಂದರು, ಕನ್ನಡದವರು ಕನ್ನಡ ಎಂದರು. ಎರಡು ಮನೆಯವರು ಎದ್ದು ಹೊರಟುಹೋದರು. ಅಂದು ರಾತ್ರಿ ನಮ್ಮ ಮನಸ್ಸಿಗೆ ಬಂದವರು ಸಂತ ಜೋಸೆಫ್ ವಾಜ್. ಅವರ ಚರಿತ್ರೆಯನ್ನು ಬಲ್ಲವರು ನಮ್ಮಲ್ಲಿ ಅನೇಕರಿದ್ದಾರೆ. ಆದರೂ ಈ ಸಂದರ್ಭದಲ್ಲಿ ಅದನ್ನು ಇನ್ನೊಮ್ಮೆ ನೆನೆಯಬೇಕೆನಿಸಿದೆ.

ಲೋಂಡಾದಿಂದ ವಾಸ್ಕೋಗೆ ಸಾಗುವ ರೈಲು ಘಟ್ಟವಿಳಿದು, ಮಡಗಾಂವ್ ದಾಟಿ, ಸಾಂಕ್ವಾಳವೆಂಬ ಊರನ್ನು ಹಾದುಹೋಗುತ್ತದೆ. ಅದು ಜೋಸೆಫ್ ವಾಜರ ತಂದೆಯ ಊರು. ಅವರು ಜನಿಸಿದ್ದು ತಾಯಿಯ ಊರಾದ ಬಾಣಾವಳಿಯಲ್ಲಿ, 1651ರ ಏಪ್ರಿಲ್ 21ರಂದು. ಹಳೆಯ ಗೋವೆಯಲ್ಲಿ ಯೇಸುಸಭೆಯ ಗುರುಗಳ ಬಳಿ ಸಾಹಿತ್ಯಾಭ್ಯಾಸವನ್ನೂ, ಡೊಮಿನಿಕನ್ ಗುರುಗಳ ಬಳಿ ತತ್ತ್ವಶಾಸ್ತ್ರ ಹಾಗೂ ದೈವಶಾಸ್ತ್ರಗಳನ್ನೂ ಮುಗಿಸಿ 1676ರಲ್ಲಿ ಗುರುದೀಕ್ಷೆ ಪಡೆದರು. ಮರುವರ್ಷ ಆಗಸ್ಟ್ 5ರಂದು ಮಾತೆ ಮರಿಯಮ್ಮನವರಿಗೆ ತಮ್ಮನ್ನು ಆಜೀವ ದಾಸನಾಗಿ ಅರ್ಪಿಸಿಕೊಂಡು ಪತ್ರವೊಂದನ್ನು ಬರೆದರು. ಪರರನ್ನು ಗುಲಾಮರಾಗಿ ಕೊಂಡು ಮಾರುತ್ತಿದ್ದ ಕಾಲದಲ್ಲಿ ಕುಲೀನ ಮನೆತನದ ತರುಣನೊಬ್ಬ ತನ್ನನ್ನೇ ದಾಸನೆಂದು ಬರೆದುಕೊಟ್ಟದ್ದು ಸಣ್ಣ ಮಾತಲ್ಲ.

1681ರಲ್ಲಿ ಅವರನ್ನು ಕೆನರಾ ಪ್ರಾಂತಕ್ಕೆ ಕಳುಹಿಸಲಾಯಿತು. ಆಗ ಕೆಳದಿಯ ಚೆನ್ನಮ್ಮಾಜಿಯ ಆಳ್ವಿಕೆ. ಕರಾವಳಿಯ ಕ್ರೈಸ್ತರಿಗೆ ಗುರುಗಳ ಕೊರತೆ ಒಂದೆಡೆಯಾದರೆ, ಇದ್ದ ಗುರುಗಳಲ್ಲೇ ಒಡಕು ಇನ್ನೊಂದೆಡೆ. ಪೋರ್ಚುಗಲ್ ಅರಸನ ಪೋಷಕಾಧಿಕಾರವೇ ಇಲ್ಲಿ ನಡೆಯಬೇಕೆಂದು ಗೋವೆಯ ಪಕ್ಷ ಹೇಳುತ್ತಿತ್ತು. ರೋಮಾಪುರಿಯೇ ನೇರವಾಗಿ ನೇಮಿಸಿ ಕಳುಹಿಸಿದ್ದ ಧರ್ಮಾಧ್ಯಕ್ಷ ತೋಮಾಸ್ ದ ಕಾಸ್ತ್ರೊ ಅವರು ಮಂಗಳೂರಿನಲ್ಲಿದ್ದರು. ಅಲ್ಲಿನ ಮಿಲಾಗ್ರಿಸ್ ದೇವಾಲಯವನ್ನು 1680ರಲ್ಲಿ ಸ್ಥಾಪಿಸಿದವರು ಅವರೇ. ಯಾರ ಕೈಯಿಂದ ಪಡೆದ ಸಂಸ್ಕಾರ ಸಿಂಧು, ಯಾರದ್ದು ಅಸಿಂಧು ಎಂದು ತಿಳಿಯದೆ ಬಡ ಭಕ್ತಾದಿಗಳು ಕಂಗಾಲಾಗಿದ್ದರು. ಜಗಳ ದೊಡ್ಡವರದು, ಅದರ ಪೆಟ್ಟು ಬಿದ್ದದ್ದು ಪಾಪನಿವೇದನೆಗೆಂದು ಹರಿದಾರಿ ನಡೆದು ಬರುವ ಬೆಸ್ತನಿಗೆ, ರೈತನಿಗೆ.

ಜೋಸೆಫ್ ವಾಜರು ಬಂದದ್ದು ಗೋವೆಯ ಪಕ್ಷದ ಅಧಿಕಾರಿಯಾಗಿ. ಆದರೆ ಬಂದವರು ಪಕ್ಷ ಕಟ್ಟಲಿಲ್ಲ. ಸ್ವತಃ ಧರ್ಮಾಧ್ಯಕ್ಷರಲ್ಲಿಗೆ ಹೋಗಿ, ವಿನಯದಿಂದ ಕಂಡು ಮಾತನಾಡಿ, ಜನರ ಆತ್ಮಕ್ಕೆ ಸಂಶಯ ತಟ್ಟದಂತೆ ಸಂಧಾನಕ್ಕೆ ಯತ್ನಿಸಿದರು. ವಿವಾದ ಅವರಿಂದ ಬಗೆಹರಿಯಲಿಲ್ಲ ಎಂಬುದನ್ನೂ ಹೇಳಬೇಕು. ಅದು ಅವರ ಕಾಲಾನಂತರವೂ ಬಹುಕಾಲ ಉಳಿಯಿತು. ಇತ್ತ ಅವರು ಹೊನ್ನಾವರ, ಗಂಗೊಳ್ಳಿ, ಬಸರೂರು, ಬಾರ್ಕೂರು, ಕಲ್ಯಾಣಪುರಗಳ ನಡುವೆ ನಡೆದಾಡಿದರು. ಪಾಳುಬಿದ್ದ ದೇವಾಲಯಗಳನ್ನು ಎತ್ತಿ ಕಟ್ಟಿಸಿದರು, ಪುಟ್ಟ ಶಾಲೆಗಳನ್ನು ತೆರೆದರು, ಗುರುಗಳಿಲ್ಲದಾಗಲೂ ಜನ ಕೂಡಿ ಪ್ರಾರ್ಥಿಸುವಂತೆ ಭಕ್ತ ಸಂಘಗಳನ್ನು ಕಟ್ಟಿದರು. ನಮ್ಮ ದೃಷ್ಟಿಯಲ್ಲಿ ಈ ಕೊನೆಯ ಕೆಲಸವೇ ಎಲ್ಲಕ್ಕಿಂತ ದೂರದೃಷ್ಟಿಯದು.

1684ರಲ್ಲಿ ಅವರು ಗೋವೆಗೆ ಮರಳಿದರು. ಅದೇ ವರ್ಷದ ಜೂನ್‌ನಲ್ಲಿ ಪೋರ್ಚುಗೀಸ್ ವೈಸರಾಯನು ಗೋವೆಯ ಜನರು ಮೂರು ವರ್ಷಗಳೊಳಗೆ ಕೊಂಕಣಿಯನ್ನು ತ್ಯಜಿಸಿ ಪೋರ್ಚುಗೀಸ್ ಭಾಷೆಯನ್ನೇ ಆಡಬೇಕೆಂದು ಆಜ್ಞೆ ಹೊರಡಿಸಿದನು. ನಮ್ಮ ಅಜ್ಜ ಮುತ್ತಜ್ಜಂದಿರ ನುಡಿ ಆ ಆಜ್ಞೆಯನ್ನು ಮೀರಿ ಬದುಕಿ, ಘಟ್ಟವೇರಿ ನಮ್ಮ ಕಾಡುಗಳ ತನಕ ಬಂದಿದೆ. ನಮ್ಮ ಕೊಂಕಣಿ ಬಂಧುಗಳಿಗೆ ಭಾಷೆಯ ಮಾತೆತ್ತಿದರೆ ನೋವಾಗುವುದರ ಹಿಂದೆ ಇಂಥದೊಂದು ಇತಿಹಾಸವಿದೆ ಎಂಬುದನ್ನು ಇತರರು ಅರಿಯಬೇಕು.

1685ರ ಸೆಪ್ಟೆಂಬರ್‌ನಲ್ಲಿ ವಾಜರು ಹಳೆಯ ಗೋವೆಯಲ್ಲಿದ್ದ ಸ್ಥಳೀಯ ಗುರುಗಳ ಪುಟ್ಟ ಗುಂಪೊಂದನ್ನು ಸೇರಿ, ಸಂತ ಫಿಲಿಪ್ ನೇರಿಯವರ ಮಾದರಿಯಲ್ಲಿ ಅದಕ್ಕೆ ಒರೆಟರಿ ಸಭೆಯ ರೂಪ ಕೊಟ್ಟರು. ಈ ಮಣ್ಣಿನ ಗುರುಗಳೇ ನಡೆಸಿದ ಈ ಸಭೆಯ ಬಾಗಿಲು ಬಹುಕಾಲ ಬ್ರಾಹ್ಮಣ ಮೂಲದವರಿಗಷ್ಟೇ ತೆರೆದಿತ್ತು. ಸಂತರ ಚರಿತ್ರೆ ಬರೆಯುವವರು ಇದನ್ನು ಮರೆಮಾಡುವುದುಂಟು. ಮರೆಮಾಡಿ ಪ್ರಯೋಜನವಿಲ್ಲ.

ಲಂಕೆಯಲ್ಲಿ ಡಚ್ಚರು 1658ರ ಹೊತ್ತಿಗೆ ಪೋರ್ಚುಗೀಸರನ್ನು ಹೊರದೂಡಿ ಕಥೋಲಿಕ ಗುರುಗಳನ್ನೂ ನಿಷೇಧಿಸಿದ್ದರು. ಆ ಅನಾಥ ಸಭೆಯ ಸುದ್ದಿ ವಾಜರನ್ನು ಮೊದಲಿನಿಂದಲೂ ಕಾಡುತ್ತಿತ್ತು. 1686ರಲ್ಲಿ ಹೊರಟು, ಮರುವರ್ಷ ಕೂಲಿಯವನ ವೇಷದಲ್ಲಿ ಸೇವಕ ಜಾನ್‌ನೊಡನೆ ಜಾಫ್ನಾ ತಲುಪಿದರು. ಆಮಶಂಕೆಯಿಂದ ಬಳಲಿ ಸಾಯುವ ಸ್ಥಿತಿ ತಲುಪಿದ್ದರು. ಚೇತರಿಸಿಕೊಂಡ ಮೇಲೆ ಭಿಕ್ಷುಕನಂತೆ ಮನೆಮನೆಯ ಬಾಗಿಲಲ್ಲಿ ನಿಂತರು. ಕೊರಳಿನ ಜಪಸರವನ್ನು ಕಂಡು ಯಾರು ಗುರುತು ಹಿಡಿಯುವರೆಂದು ಕಾದರು. ರಾತ್ರಿಯ ಕತ್ತಲಲ್ಲಿ, ಯಾರದೋ ಮನೆಯೊಳಗೆ, ಬಲಿಪೂಜೆ. ಬೆಳಗಾಗುವ ಮುನ್ನ ಇನ್ನೊಂದು ಊರು. ಗೋಪುರವಿಲ್ಲ, ಗಂಟೆಯಿಲ್ಲ. ತತ್ತ್ವಶಾಸ್ತ್ರದ ಪಾಠದಲ್ಲಿ ನಾವು ದ್ರವ್ಯ ಬೇರೆ, ರೂಪ ಬೇರೆ ಎಂದು ಕಲಿಯುತ್ತೇವೆ. ದೇವಾಲಯದ ದ್ರವ್ಯವೆಲ್ಲ ಹೋಗಿ ರೂಪವೊಂದೇ ಉಳಿದದ್ದನ್ನು ಕಾಣಬೇಕಾದರೆ ಆ ಜಾಫ್ನಾದ ಮನೆಗಳನ್ನು ನೆನೆಯಬೇಕು.

1692ರಲ್ಲಿ ಕ್ಯಾಂಡಿ ರಾಜ್ಯಕ್ಕೆ ಹೋದಾಗ ಪೋರ್ಚುಗೀಸ್ ಗೂಢಚಾರನೆಂಬ ದೂರಿನ ಮೇಲೆ ಸೆರೆಯಾದರು. ಸೆರೆಯ ಆವರಣದಲ್ಲೇ ಗುಡಿಸಲಿನಂಥ ಪೂಜಾಸ್ಥಳ ಕಟ್ಟಿಕೊಂಡರು. ಬರಗಾಲದಲ್ಲಿ ಅವರ ಪ್ರಾರ್ಥನೆಯಿಂದ ಮಳೆ ಸುರಿಯಿತೆಂದು ಭಕ್ತರು ನಂಬುತ್ತಾರೆ. ಬೌದ್ಧ ಅರಸ ಎರಡನೆಯ ವಿಮಲಧರ್ಮಸೂರಿಯ ಅವರಿಗೆ ರಕ್ಷಣೆ ಕೊಟ್ಟನು. 1697ರಲ್ಲಿ ಸಿಡುಬು ಹಬ್ಬಿ, ರೋಗಿಗಳನ್ನು ಮನೆಯವರೇ ಕಾಡಿಗೆ ಬಿಟ್ಟುಬರುತ್ತಿದ್ದಾಗ ವಾಜರು ಮತ್ತು ಅವರ ಸಂಗಾತಿ ಗುರುಗಳು ಯಾರ ಮತ ಯಾವುದೆಂದು ನೋಡದೆ ಅವರ ಹುಣ್ಣು ತೊಳೆದರು, ಸತ್ತವರನ್ನು ಮಣ್ಣುಮಾಡಿದರು.

ಕೊಂಕಣಿ ಅವರ ಹಾಲಿನೊಡನೆ ಬಂದ ನುಡಿ. ಪೋರ್ಚುಗೀಸ್, ಲತೀನ್ ಕಲಿತು ಬಂದವು. ಲಂಕೆಯಲ್ಲಿ ನಡುವಯಸ್ಸಿನತ್ತ ಸಾಗುತ್ತಿದ್ದ ಅವರು ತಮಿಳನ್ನೂ ಸಿಂಹಳವನ್ನೂ ಮೊದಲ ಅಕ್ಷರದಿಂದ ಕಲಿತರು. 1705ರಲ್ಲಿ ಬಂದ ಗೋವೆಯ ಗುರು ಜಾಕೊಮೆ ಗೊನ್ಸಾಲ್ವಿಸ್ ಆ ಎರಡೂ ಭಾಷೆಗಳಲ್ಲಿ ಗ್ರಂಥಗಳನ್ನೇ ಬರೆದರು. ನಮ್ಮ ಸಭೆಯಲ್ಲಿ ಮೂವರೂ ತಮ್ಮ ತಮ್ಮ ಭಾಷೆಗಾಗಿ ವಾದಿಸಿದೆವು. ಎದುರಿನವರ ಭಾಷೆಯಲ್ಲಿ ಆಗಲಿ ಎಂದವರು ನಮ್ಮಲ್ಲಿ ಒಬ್ಬರೂ ಇರಲಿಲ್ಲ. ಪೀಠದ ಬಳಿ ನಿಲ್ಲುವ ನಾವೂ ಹೇಳಲಿಲ್ಲ.

ಉನ್ನತ ಪದವಿ ಅರಸಿ ಬಂದಾಗ ವಾಜರು ಒಲ್ಲೆನೆಂದರು. 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ಪ್ರಭುವಿನಲ್ಲಿ ನಿದ್ರಿಸಿದರು. ತಾಯ್ನಾಡಿಗೆ ಅವರು ಮರಳಿ ಬರಲೇ ಇಲ್ಲ. 1995ರ ಜನವರಿ 21ರಂದು ಪೋಪ್ ಎರಡನೆಯ ಜಾನ್ ಪೌಲರು ಕೊಲಂಬೊದಲ್ಲಿ ಅವರನ್ನು ಧನ್ಯರೆಂದೂ, 2015ರ ಜನವರಿ 14ರಂದು ಅದೇ ನಗರದಲ್ಲಿ ಪೋಪ್ ಫ್ರಾನ್ಸಿಸರು ಸಂತರೆಂದೂ ಘೋಷಿಸಿದರು.

ಸಾಂಕ್ವಾಳದ ಹಳೆಯ ಆರೋಗ್ಯಮಾತೆಯ ದೇವಾಲಯ 1834ರಲ್ಲಿ ಬೆಂಕಿಗೆ ಆಹುತಿಯಾಯಿತು. ಮುಂಭಾಗದ ಗೋಡೆಯೊಂದು ಮಾತ್ರ ನಿಂತಿದೆ. ಕ್ಯಾಂಡಿಯಲ್ಲಿ ಅವರನ್ನು ಮಣ್ಣುಮಾಡಿದ ದೇವಾಲಯವೂ ಉಳಿಯಲಿಲ್ಲ, ಸಮಾಧಿಯ ಗುರುತೂ ಸಿಕ್ಕಿಲ್ಲ. ಅವರು ಜಾಫ್ನಾದ ಕತ್ತಲಲ್ಲಿ ಹುಡುಕಿ ಹೋದ ಮನೆಗಳ ಸಂತತಿಯವರು ಮಾತ್ರ ಇಂದಿಗೂ ತಮಿಳಿನಲ್ಲಿ ಬಲಿಪೂಜೆಗೆ ಕೂಡುತ್ತಾರೆ.

ಬರುವ ಭಾನುವಾರ ನಮ್ಮ ಉತ್ಸವ ಸಮಿತಿ ಮತ್ತೆ ಸೇರಲಿದೆ. ಎದ್ದುಹೋದ ಆ ಎರಡು ಮನೆಗಳಿಗೆ ಅದಕ್ಕೂ ಮುನ್ನ ನಾವು ಹೋಗಿ ಬರಬೇಕಾಗಿದೆ.