ದಿವಂಗತ ಡಾ. ಘಾಟಗೆಯವರು

ಬೆಂಗಳೂರಿನ ವಿಮಾನ ಕಾರ್ಖಾನೆಯ ಹೆಸರು ಕಲಬುರಗಿ ಸೀಮೆಯ ಹಳ್ಳಿಹಳ್ಳಿಗೂ ತಿಳಿದದ್ದೇ. ಅಲ್ಲಿ ಪರದೇಶೀಯರ ನಕಾಶೆಯನ್ನು ಅವಲಂಬಿಸದೆ ವಿಮಾನವೊಂದನ್ನು ರಚಿಸಿ ಹಾರಿಸಿದ ಡಾ. ವಿಷ್ಣು ಮಾಧವ ಘಾಟಗೆಯವರ ಚರಿತ್ರೆಯನ್ನು ನಮ್ಮ ವಾಚಕರ ಮುಂದಿಡುವುದು ಉಚಿತವೆಂದು ಭಾವಿಸುತ್ತೇವೆ.

1908ರಲ್ಲಿ ಜನಿಸಿದ ಘಾಟಗೆಯವರು ಜರ್ಮನಿಯ ಗಾಟಿಂಗೆನ್ನಿಗೆ ಹೋಗಿ ಲುಡ್ವಿಗ್ ಪ್ರಾಂಡ್ಟಲರಲ್ಲಿ ಶಿಷ್ಯವೃತ್ತಿ ಮಾಡಿದರು. ರೆಕ್ಕೆಯ ಮೈಗೆ ತಾಗಿ ಹರಿಯುವ ಗಾಳಿಯ ತೆಳುಪದರದ ಮರ್ಮವನ್ನು 1904ರಲ್ಲಿಯೇ ಲೋಕಕ್ಕೆ ತಿಳಿಸಿದ ಆಚಾರ್ಯರು ಅವರು. 1940ರ ಡಿಸೆಂಬರಿನಲ್ಲಿ ಶೇಠ್ ವಾಲಚಂದ್ ಹೀರಾಚಂದರು ಮೈಸೂರು ಸರಕಾರದ ನೆರವಿನಿಂದ ಕಾರ್ಖಾನೆಯನ್ನು ಸ್ಥಾಪಿಸಲು, ಘಾಟಗೆಯವರು ಅಲ್ಲಿಗೆ ಬಂದರು. ಆದರೆ ಯುದ್ಧವು ಅದನ್ನು ಮಿತ್ರರಾಷ್ಟ್ರಗಳ ವಿಮಾನಗಳ ದುರಸ್ತಿಶಾಲೆಯನ್ನಾಗಿ ಮಾಡಿಬಿಟ್ಟಿತು. ದುರಸ್ತಿಯಿಂದ ಕೈ ಪಳಗೀತು, ಬುದ್ಧಿ ಸ್ವತಂತ್ರವಾಗದು. ಇದನ್ನರಿತೇ ಅವರು ಯುದ್ಧಕಾಲದಲ್ಲಿಯೇ ಇಂಜಿನ್ನಿಲ್ಲದ ಗ್ಲೈಡರೊಂದನ್ನು ರಚಿಸಿದರು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ತರುಣರಿಗೆ ವಿಮಾನಶಾಸ್ತ್ರದ ಪಾಠವನ್ನೂ ಹೇಳಿದರು.

1951ರ ಆಗಸ್ಟಿನಲ್ಲಿ ಅವರ ಎಚ್.ಟಿ.-2 ಆಕಾಶಕ್ಕೇರಿತು. ಎರಡು ಆಸನಗಳ ಈ ಲೋಹದ ವಿಮಾನದಲ್ಲಿ ನಮ್ಮ ವಾಯುಸೇನೆಯ ಅನೇಕರು ಹಾರಾಟದ ಓನಾಮ ಕಲಿತರು. 1964ರಲ್ಲಿ ಜೆಟ್ ಶಿಕ್ಷಣ ವಿಮಾನವಾದ ಕಿರಣ ಹಾರಿತು. ಮರುವರ್ಷ ಸರಕಾರವು ಅವರಿಗೆ ಪದ್ಮಶ್ರೀಯನ್ನಿತ್ತಿತು.

ಎಚ್.ಟಿ.-2ರಲ್ಲಿ ಚಾಲಕನ ಕೈಗೂ ರೆಕ್ಕೆಗೂ ಸಂಬಂಧ ಕಲ್ಪಿಸುತ್ತಿದ್ದುದು ಬರಿಯ ಸರಿಗೆ, ಸರಳುಗಳು. ಈಗಿನ ಯುದ್ಧವಿಮಾನದ ಸ್ಥಿತಿ ಬೇರೆ. ರೇಡಾರು, ದಿಕ್ಸೂಚಿ, ಶಸ್ತ್ರಾಸ್ತ್ರಗಳೆಲ್ಲವೂ ಪರಸ್ಪರ ವರ್ತಮಾನ ತಿಳಿಸಬೇಕು. ಒಂದೊಂದಕ್ಕೂ ಪ್ರತ್ಯೇಕ ತಂತಿ ಎಳೆದರೆ ತಂತಿಯ ಭಾರವೇ ವಿಪರೀತವಾಗುತ್ತದೆ. ಆದ್ದರಿಂದ ಎಲ್ಲಕ್ಕೂ ಒಂದೇ ಮಾರ್ಗವನ್ನು ಹಾಕುವ ಪದ್ಧತಿ 1973ರಲ್ಲಿ ಅಮೆರಿಕದ ಸೇನೆಯಲ್ಲಿ ನಿಯಮವಾಯಿತು. ಒಂಟಿ ಹಳಿಯ ಮಾರ್ಗದಲ್ಲಿ ಸ್ಟೇಷನ್ ಮಾಸ್ತರರು ಟೋಕನ್ ಕೊಡದೆ ಗಾಡಿ ಹೊರಡದೆಂಬುದನ್ನು ವಾಡಿ, ಸೇಡಂಗಳ ಹಳೆಯ ರೈಲ್ವೆ ನೌಕರರು ಬಲ್ಲರಷ್ಟೆ. ಇಲ್ಲಿಯೂ ಹಾಗೆಯೇ. ಒಬ್ಬನೇ ನಿಯಂತ್ರಕ, ಅವನ ಅಧೀನದಲ್ಲಿ 31ರ ವರೆಗೆ ಉಪಕರಣಗಳು, ಅವನು ಕೇಳಿದ ಹೊರತು ಯಾವುದೂ ಬಾಯಿ ತೆರೆಯುವಂತಿಲ್ಲ. ಸೆಕೆಂಡಿಗೆ ಹತ್ತು ಲಕ್ಷ ಸಂಕೇತಗಳು ಓಡುತ್ತವೆ; ಒಂದು ತಂತಿ ಕಡಿದರೆ ಇನ್ನೊಂದು ಸಿದ್ಧವಿರುತ್ತದೆ. 2005ರಲ್ಲಿ ಮೊದಲು ಹಾರಿದ ಏರ್‌ಬಸ್ ಎ-380ರಲ್ಲಂತೂ ಕೆಲಸಕ್ಕೊಂದು ಪೆಟ್ಟಿಗೆಯ ರೂಢಿ ಬಹುಮಟ್ಟಿಗೆ ಬಿಟ್ಟುಹೋಗಿ, ಒಂದೇ ಗಣಕಘಟಕವು ಹಲವು ಕೆಲಸಗಳನ್ನು ನಿರ್ವಹಿಸುವಂತಾಯಿತು. ಅವುಗಳ ನಡುವಣ ಜಾಲದ ವೇಗವೂ ನೂರುಪಟ್ಟು.

ಇಂತಹ ನರಮಂಡಲವನ್ನು ಕ್ರಯಕ್ಕೆ ತಂದವನು ಮಾರಿದವನ ಮರ್ಜಿಗೆ ಒಳಗಾಗುತ್ತಾನೆ. 1998ರ ಪೋಖರಣ ಪರೀಕ್ಷೆಯ ಬಳಿಕ ಅಮೆರಿಕವು ತೇಜಸ್ಸಿನ ಗಣಕ ನಿಯಂತ್ರಣಕ್ಕೆ ನೀಡುತ್ತಿದ್ದ ಸಹಕಾರವನ್ನು ನಿಲ್ಲಿಸಿ, ಅಲ್ಲಿದ್ದ ನಮ್ಮ ಇಂಜಿನಿಯರರನ್ನು ಹಿಂದಕ್ಕೆ ಕಳುಹಿಸಿತು. ಉಳಿದ ಕಾರ್ಯವನ್ನು ಅವರು ಬೆಂಗಳೂರಿನಲ್ಲಿಯೇ ಪೂರೈಸಿದರು. 2001ರ ಜನವರಿ 4ರಂದು ತೇಜಸ್ಸು ಹಾರಿತು. 1991ರಲ್ಲಿಯೇ ಕಾಲವಶರಾಗಿದ್ದ ಘಾಟಗೆಯವರಿಗೆ ಅದನ್ನು ಕಾಣುವ ಯೋಗವಿರಲಿಲ್ಲ.

ಅವರ ಎಚ್.ಟಿ.-2ಕ್ಕೆ ಇಂಜಿನ್ನು ಇಂಗ್ಲೆಂಡಿನಿಂದ ಬಂದಿತ್ತು. ತೇಜಸ್ಸಿನದು ಇಂದಿಗೂ ಅಮೆರಿಕದಿಂದಲೇ ಬರಬೇಕಾಗಿದೆ.