ಮದ್ದು ಕೆಟ್ಟರೆ ಕೋವಿಯೂ ಕೋಲೇ

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ಕಿತ್ತೂರು ಚೆನ್ನಮ್ಮನ ಹೆಸರು ಕೇಳದವರಿಲ್ಲ. ಹುಕ್ಕೇರಿಯಿಂದ ಬೆಳಗಾವಿಗೆ ಹೋಗುವ ಹಾದಿಯಲ್ಲಿರುವ ಕಾಕತಿ ಆಕೆಯ ತವರು. ರಾಣಿಯ ಖಡ್ಗವನ್ನು ಕೊಂಡಾಡುವ ನಾವು ಆಕೆಯ ಮದ್ದಿನ ಮನೆಯನ್ನು ನೆನೆಯುವುದು ಕಡಿಮೆ.

1816ರಲ್ಲಿ ಪತಿ ಮಲ್ಲಸರ್ಜ, 1824ರ ಸೆಪ್ಟೆಂಬರಿನಲ್ಲಿ ದೊರೆ ಶಿವಲಿಂಗರುದ್ರಸರ್ಜ ತೀರಿಕೊಂಡರು. ದತ್ತಕವನ್ನು ಮನ್ನಿಸದ ಧಾರವಾಡದ ಕಲೆಕ್ಟರ್ ಥ್ಯಾಕರೆ ಸಂಸ್ಥಾನದ ಮೇಲೆ ಕೈಯಿಟ್ಟ. ಅಕ್ಟೋಬರ್ 23ರ ಕಾಳಗದಲ್ಲಿ ಆತ ಹತನಾದ.

ಅಂದಿನ ಕೋವಿಗೆ ಪ್ರತಿ ಸಲವೂ ನಳಿಕೆಯ ಬಾಯಿಂದ ಮದ್ದು ಸುರಿದು, ಗುಂಡು ಇಳಿಸಿ, ಸಲಾಕೆಯಿಂದ ಜಡಿಯಬೇಕಿತ್ತು. ನುರಿತ ಸಿಪಾಯಿಗೂ ನಿಮಿಷಕ್ಕೆ ಮೂರಕ್ಕಿಂತ ಹೆಚ್ಚು ಗುಂಡು ಹಾರಿಸುವುದು ದುಸ್ತರ. ಆದುದರಿಂದ ಕೈಯ ಅಭ್ಯಾಸ ಮತ್ತು ಮದ್ದಿನ ಶುದ್ಧಿ ಇವೆರಡೇ ಯೋಧನ ರಕ್ಷೆ. ಡಿಸೆಂಬರಿನಲ್ಲಿ ಕಂಪನಿ ದೊಡ್ಡ ಸೈನ್ಯ, ತೋಪುಗಳೊಡನೆ ಮರಳಿತು. ಒಳಗಿನವರೇ ಮದ್ದಿಗೆ ಸಗಣಿ ಬೆರೆಸಿದರೆಂಬುದು ಜನಪದರ ನಂಬಿಕೆ. ಕೋಟೆ ಬಿದ್ದಿತು. 1829ರ ಫೆಬ್ರುವರಿಯಲ್ಲಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲೇ ಕೊನೆಯುಸಿರೆಳೆದಳು.

ಈ ಐತಿಹ್ಯದ ಪಾಠ ಆಡಳಿತಗಾರರಿಗೂ ಸಲ್ಲುತ್ತದೆ. ಶೌರ್ಯ ಕೋಟೆಯ ಬಾಗಿಲನ್ನು ಕಾಯಬಲ್ಲದು. ಉಗ್ರಾಣವನ್ನು ಕಾಯುವುದು ನಿಷ್ಠೆ ಮತ್ತು ನಿತ್ಯದ ತಪಾಸಣೆ ಮಾತ್ರ.