ಹಿಮ್ಮುಖವಾಗಿ ಎಣಿಸಿದ ಡಾಕ್ಟರ್: ಕ್ಯೂಸಾಕು ಓಗಿನೊ

ಗೋಡೆಯ ಕ್ಯಾಲೆಂಡರಿನಲ್ಲಿ ತಾರೀಕಿನ ಪಕ್ಕ ಒಂದು ಪೆನ್ಸಿಲ್ ಚುಕ್ಕೆ. ನಮ್ಮ ಅಮ್ಮಂದಿರ ಕಾಲದಲ್ಲಿ ಮುಟ್ಟಿನ ಲೆಕ್ಕವೆಂದರೆ ಅಷ್ಟೇ. ಈಗಿನ ಹುಡುಗಿಯರ ಮೊಬೈಲಿನಲ್ಲಿ ಅದಕ್ಕೊಂದು ಆ್ಯಪ್ ಇದೆ. ಇಂಥ ದಿನದಿಂದ ಇಂಥ ದಿನದವರೆಗೆ ಗರ್ಭ ನಿಲ್ಲುವ ಸಾಧ್ಯತೆ ಹೆಚ್ಚು ಎಂದು ಅದು ಬಣ್ಣ ಬಳಿದು ತೋರಿಸುತ್ತದೆ. ಆ ಬಣ್ಣದ ಹಿಂದಿನ ಲೆಕ್ಕವನ್ನು ಮೊದಲು ಸರಿಯಾಗಿ ಹಾಕಿದವರಲ್ಲಿ ಒಬ್ಬರು ಜಪಾನಿನ ಡಾಕ್ಟರ್ ಕ್ಯೂಸಾಕು ಓಗಿನೊ. ಅವರ ಹೆಸರು ಲೋಕಕ್ಕೆಲ್ಲ ಗೊತ್ತಾಯಿತು, ಆದರೆ ಅವರು ಬಯಸದ ಕಾರಣಕ್ಕೆ.

ಓಗಿನೊ ಹುಟ್ಟಿದ್ದು 1882ರಲ್ಲಿ, ತೊಯೊಹಾಶಿ ಎಂಬ ಊರಿನ ನಕಮುರಾ ಮನೆತನದಲ್ಲಿ. ಓಗಿನೊ ಎಂಬುದು ದತ್ತು ಹೋದ ಮನೆಯ ಹೆಸರು. ಟೋಕಿಯೋದ ಇಂಪೀರಿಯಲ್ ವಿಶ್ವವಿದ್ಯಾಲಯದಲ್ಲಿ ವೈದ್ಯಶಾಸ್ತ್ರ ಓದಿ, 1912ರಲ್ಲಿ ನೀಗಾಟ ಪಟ್ಟಣದ ತಾಕೆಯಾಮ ಆಸ್ಪತ್ರೆಗೆ ಸ್ತ್ರೀರೋಗ ವಿಭಾಗದ ಡಾಕ್ಟರಾಗಿ ಬಂದರು. ನೀಗಾಟ ಭತ್ತ ಬೆಳೆಯುವ, ಚಳಿಗಾಲದಲ್ಲಿ ಹಿಮ ಸುರಿಯುವ ಸೀಮೆ. ಮದುವೆಯಾಗಿ ಮೂರು ವರ್ಷವಾದರೂ ಮಕ್ಕಳಾಗದಿದ್ದರೆ ಸೊಸೆ ಗಂಡನ ಮನೆ ಬಿಡಬೇಕು ಎಂಬ ಹಳೆಯ ಮಾತು ಆ ದೇಶದಲ್ಲೂ ಇತ್ತು. ಬಂಜೆ ಎನ್ನಿಸಿಕೊಳ್ಳುವ ಭಯ ನಮ್ಮವರಿಗೆ ಮಾತ್ರ ಇದ್ದದ್ದಲ್ಲ.

ಹೆಣ್ಣಿನ ಅಂಡಾಣು ಯಾವ ದಿನ ಬಿಡುಗಡೆಯಾಗುತ್ತದೆ ಎಂಬುದು ಆಗ ಯಾರಿಗೂ ಖಚಿತವಾಗಿ ಗೊತ್ತಿರಲಿಲ್ಲ. ಪ್ರಾಣಿಗಳು ಬೆದೆಗೆ ಬರುವುದೂ ಹೆಂಗಸರ ಮುಟ್ಟೂ ಒಂದೇ ಬಗೆಯದೆಂದು ಹತ್ತೊಂಬತ್ತನೇ ಶತಮಾನದ ಯುರೋಪಿನ ಎಷ್ಟೋ ವೈದ್ಯರು ನಂಬಿದ್ದರು. ಹಾಗಾಗಿ ಮುಟ್ಟಿನ ಆಸುಪಾಸಿನ ದಿನಗಳೇ ಗರ್ಭ ನಿಲ್ಲುವ ದಿನಗಳು, ತಿಂಗಳ ನಡುವಿನ ದಿನಗಳಲ್ಲಿ ಭಯವಿಲ್ಲ ಎಂದು ಹೇಳಿಕೊಡುತ್ತಿದ್ದರು. ಪೂರ್ತಿ ತಲೆಕೆಳಗು! ಆಮೇಲೆ ಬಂದವರು ನಡುವಿನ ದಿನಗಳತ್ತ ತಿರುಗಿದರೂ ಎಣಿಕೆಯನ್ನು ಮಾತ್ರ ಮುಟ್ಟಾದ ಮೊದಲ ದಿನದಿಂದ ಮುಂದಕ್ಕೇ ಹಾಕುತ್ತಿದ್ದರು. ನಮ್ಮ ಧರ್ಮಶಾಸ್ತ್ರದ ಹದಿನಾರು ರಾತ್ರಿಗಳ ಋತುಕಾಲದ ಲೆಕ್ಕವೂ ಅಂಥದ್ದೇ.

ಓಗಿನೊ ಅವರಿಗೆ ದೊಡ್ಡ ಪ್ರಯೋಗಶಾಲೆ ಇರಲಿಲ್ಲ. ಇದ್ದದ್ದು ದಿನನಿತ್ಯದ ಆಪರೇಷನ್ ಕೋಣೆ. ಬೇರೆ ಬೇರೆ ಕಾಯಿಲೆಗೆ ಹೊಟ್ಟೆಯ ಶಸ್ತ್ರಚಿಕಿತ್ಸೆ ಮಾಡುವಾಗ ಅಂಡಾಶಯವನ್ನು ನೋಡುತ್ತಿದ್ದರು. ಅಂಡಾಣು ಹೊರಬಿದ್ದ ಜಾಗದಲ್ಲಿ ಹಳದಿ ಬಣ್ಣದ ಒಂದು ಗಂಟು ಬೆಳೆಯುತ್ತದೆ. ಅದು ಎಷ್ಟು ಹೊಸದು, ಎಷ್ಟು ಹಳೆಯದು ಎಂದು ಗುರುತಿಸಿ, ಆ ಹೆಂಗಸಿನ ಮುಟ್ಟಿನ ತಾರೀಕುಗಳ ಜೊತೆ ಹೊಂದಿಸಿ ನೋಡುತ್ತಿದ್ದರು. ಹೆಂಗಸರು ತಾರೀಕನ್ನು ಸರಿಯಾಗಿ ನೆನಪಿಟ್ಟು ಹೇಳದಿದ್ದರೆ ಈ ಕೆಲಸ ಒಂದು ಹೆಜ್ಜೆಯೂ ಮುಂದೆ ಹೋಗುತ್ತಿರಲಿಲ್ಲ. ನನಗೆ ಈ ಕಥೆಯಲ್ಲಿ ಬಹಳ ಇಷ್ಟವಾಗುವುದು ಇದೇ: ಹೆಸರಿಲ್ಲದ ಆ ಹೆಂಗಸರ ನೆನಪೇ ವಿಜ್ಞಾನದ ಸಾಕ್ಷಿಯಾಯಿತು.

ಹೀಗೆ ಕಂಡುಕೊಂಡದ್ದನ್ನು ಅವರು 1924ರಲ್ಲಿ ಪ್ರಕಟಿಸಿದರು. ಅಂಡಾಣು ಬಿಡುಗಡೆಯಾಗುವುದು ಕಳೆದ ಮುಟ್ಟಿನಿಂದ ಇಷ್ಟನೇ ದಿನ ಎಂದಲ್ಲ, ಬರಲಿರುವ ಮುಟ್ಟಿಗೆ 12ರಿಂದ 16 ದಿನ ಮೊದಲು. ಋತುಚಕ್ರ ಚಿಕ್ಕದಿರಲಿ ದೊಡ್ಡದಿರಲಿ, ಹೆಚ್ಚಾಗಿ ಹಿಗ್ಗುವುದು ಕುಗ್ಗುವುದು ಮೊದಲರ್ಧ. ಆ ಹಳದಿ ಗಂಟಿನ ಆಯಸ್ಸು ಸುಮಾರು ಎರಡು ವಾರವಾದ್ದರಿಂದ ಕೊನೆಯರ್ಧ ಅಷ್ಟಾಗಿ ಬದಲಾಗುವುದಿಲ್ಲ. 28 ದಿನಕ್ಕೊಮ್ಮೆ ಮುಟ್ಟಾಗುವವಳಿಗೆ ಅಂಡಾಣು ಬಿಡುಗಡೆ 14ನೇ ದಿನದ ಹೊತ್ತಿಗೆ ಬರುತ್ತದೆ. 36 ದಿನಕ್ಕೊಮ್ಮೆ ಆಗುವವಳಿಗೆ 22ನೇ ದಿನದ ಹೊತ್ತಿಗೆ. ಹದಿನಾರು ರಾತ್ರಿಗಳ ಲೆಕ್ಕ ಹಿಡಿದು ಕೂತರೆ ಇವಳ ಒಳ್ಳೆಯ ದಿನಗಳು ಕೈತಪ್ಪುತ್ತವೆ. 14ನೇ ದಿನ ಎಂಬ ಒಂದೇ ಮಾತನ್ನು ಎಲ್ಲರಿಗೂ ಹೇಳುವುದು ಇವತ್ತಿಗೂ ನಿಂತಿಲ್ಲ.

1930ರಲ್ಲಿ ಅವರ ಲೇಖನ ಜರ್ಮನ್ ಭಾಷೆಯಲ್ಲೂ ಬಂತು. ಅಷ್ಟರಲ್ಲಿ ಆಸ್ಟ್ರಿಯಾದ ಹರ್ಮನ್ ಕ್ನೌಸ್ ತಾವೇ ಬೇರೆ ದಾರಿಯಲ್ಲಿ ಹೆಚ್ಚುಕಡಿಮೆ ಇದೇ ನಿರ್ಣಯಕ್ಕೆ ಬಂದಿದ್ದರು. ಹಾಗಾಗಿ ಇಬ್ಬರ ಹೆಸರೂ ಜೋಡಿಯಾಗಿ ಉಳಿಯಿತು. ನೆದರ್ಲೆಂಡ್ಸ್‌ನ ಕ್ಯಾಥೊಲಿಕ್ ವೈದ್ಯ ಯಾನ್ ಸ್ಮುಲ್ಡರ್ಸ್ ಈ ಲೆಕ್ಕವನ್ನು ತಿರುಗಿಸಿ, ಆ ದಿನಗಳನ್ನು ಬಿಟ್ಟರೆ ಮಕ್ಕಳಾಗುವುದಿಲ್ಲ ಎಂಬ ವಿಧಾನ ಮಾಡಿದರು. ಬೇರೆ ಸಾಧನಗಳನ್ನು ಚರ್ಚು ಒಪ್ಪದಿದ್ದುದರಿಂದ ಇದು ಎಲ್ಲೆಡೆ ಹಬ್ಬಿತು. ಓಗಿನೊ ಅವರಿಗೆ ಇದು ಹಿಡಿಸಲಿಲ್ಲ. ಗರ್ಭ ತಡೆಯಲು ಇದಕ್ಕಿಂತ ಭರವಸೆಯ ಉಪಾಯಗಳಿವೆ, ಇದನ್ನೇ ನಂಬಿದರೆ ಬೇಡದ ಬಸಿರಾಗುತ್ತದೆ ಎಂದು ವಿರೋಧಿಸುತ್ತಲೇ ಬಂದರು. ಮಕ್ಕಳು ಬೇಕೆನ್ನುವವರಿಗೆ ಸಹಾಯವಾಗಲೆಂಬುದು ಅವರ ಆಸೆ.

ಅವರ ಲೆಕ್ಕ ನಮ್ಮ ನಾಡಿಗೂ ಬಂತು, ಬೇಡದ ರೂಪದಲ್ಲೇ. ಆರೋಗ್ಯ ಮಂತ್ರಿ ರಾಜಕುಮಾರಿ ಅಮೃತ್ ಕೌರ್ ಗಾಂಧೀಜಿಯ ಅನುಯಾಯಿ. ಬೇರೆ ಸಾಧನಗಳಿಗೆ ಅವರ ಮನಸ್ಸಿರಲಿಲ್ಲ. 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕಡೆಯಿಂದ ಅಮೆರಿಕದ ಡಾಕ್ಟರ್ ಅಬ್ರಹಾಂ ಸ್ಟೋನ್ ಬಂದರು. ಪ್ರಯೋಗಕ್ಕೆ ಆರಿಸಿದ್ದು ದೆಹಲಿಯ ಲೋಧಿ ಕಾಲೋನಿ ಮತ್ತು ನಮ್ಮ ರಾಮನಗರ. ದಿನಕ್ಕೊಂದು ಮಣಿ ಸರಿಸುವ ಬಣ್ಣದ ಮಣಿಸರಗಳನ್ನು ಹೆಂಗಸರಿಗೆ ಕೊಟ್ಟರು. ಬಯಸಿದ ಫಲ ಸಿಗಲಿಲ್ಲ. ಕೂಡುಕುಟುಂಬದ ಮನೆಯಲ್ಲಿ ಅಂಥ ಸರವನ್ನು ಯಾರ ಕಣ್ಣಿಗೂ ಬೀಳದಂತೆ ಇಟ್ಟುಕೊಳ್ಳುವುದು ಎಷ್ಟು ಕಷ್ಟವಿದ್ದೀತು ಎಂದು ನಾವೇ ಊಹಿಸಬಹುದು.

ಮಗು ಬೇಕೆನ್ನುವವರಿಗೂ ಈ ಲೆಕ್ಕದಲ್ಲಿ ಒಂದು ತೊಡಕಿದೆ. ಬರಲಿರುವ ಮುಟ್ಟಿನ ದಿನ ಮೊದಲೇ ಗೊತ್ತಿರಬೇಕಲ್ಲ! ಅದಕ್ಕೇ ಕೆಲವು ತಿಂಗಳ ತಾರೀಕು ಬರೆದಿಡಬೇಕು, ಜೊತೆಗೆ ದೇಹದ ಗುರುತುಗಳನ್ನೂ ನೋಡಬೇಕು. ಅಂಡಾಣು ಬಿಡುಗಡೆಗೆ ಮುಂಚಿನ ದಿನಗಳಲ್ಲಿ ಬಿಳಿ ಹೋಗುವುದು ತೆಳ್ಳಗೆ, ಪಾರದರ್ಶಕವಾಗಿ, ಹಸಿ ಮೊಟ್ಟೆಯ ಬಿಳಿಯಂತೆ ಎಳೆ ಬರುತ್ತದೆ. ಬಿಡುಗಡೆಯಾದ ಮೇಲೆ ಬೆಳಗ್ಗೆ ಎದ್ದೊಡನೆ ನೋಡುವ ದೇಹದ ಉಷ್ಣಾಂಶ ತುಸು ಏರುತ್ತದೆ. ಆದರೆ ಆ ಏರಿಕೆ ಕಾಣುವಾಗ ದಿನ ಕಳೆದೇ ಹೋಗಿರುತ್ತದೆ. ಮುಂದಿನ ತಿಂಗಳ ಅಂದಾಜಿಗೆ ಮಾತ್ರ ಅದು ಉಪಯೋಗ. ಅಂಡಾಣು ಬದುಕುವುದು ಒಂದು ದಿನದೊಳಗೆ, ವೀರ್ಯಾಣು ಐದು ದಿನದವರೆಗೂ ಬದುಕಬಹುದು. ಆದ್ದರಿಂದ ಬಿಡುಗಡೆಯ ದಿನ ಮತ್ತು ಅದಕ್ಕೆ ಮುಂಚಿನ ಐದು ದಿನಗಳೇ ಮುಖ್ಯ. ಒಂದು ವರ್ಷ ಪ್ರಯತ್ನಿಸಿದರೂ ಆಗದಿದ್ದರೆ, ವಯಸ್ಸು 35 ದಾಟಿದ್ದರೆ ಆರು ತಿಂಗಳಲ್ಲೇ, ಡಾಕ್ಟರ ಬಳಿ ಹೋಗಬೇಕು. ಮುಟ್ಟು ತೀರಾ ಏರುಪೇರಾಗಿದ್ದರೆ ಅಷ್ಟು ದಿನವೂ ಕಾಯಬಾರದು. ಹೋಗುವಾಗ ಗಂಡನೂ ಜೊತೆಗಿರಲಿ. ಅವನ ಪರೀಕ್ಷೆಯೂ ಮೊದಲ ಸುತ್ತಿನಲ್ಲೇ ಆಗಬೇಕಾದದ್ದು.

ಓಗಿನೊ ಗರ್ಭಕೊರಳಿನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಲ್ಲೂ ಹೆಸರು ಮಾಡಿದರು. ಇಷ್ಟಾದರೂ ನೀಗಾಟ ಬಿಟ್ಟು ಹೋಗಲಿಲ್ಲ. 1975ರ ಜನವರಿ 1ರಂದು, 92ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರು ವಾಸವಿದ್ದ ಜಾಗ ಈಗ ಊರಿನ ಒಂದು ಪುಟ್ಟ ಉದ್ಯಾನ. ಅಲ್ಲಿನ ರಸ್ತೆಗೂ ಅವರದೇ ಹೆಸರು.